ಚಕಮಕಿ ಕೋವಿ ಹಾರದಿದ್ದರೆ: ಬೆಂಕಿ ಎಲ್ಲಿ ನಿಂತಿತು ಅಂತ ಹುಡುಕುವ ಕ್ರಮ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಮುಗಿದ ಬೆನ್ನಲ್ಲೇ ಜಿಂಕೆ ಬೇಟೆಯ ಫ್ಲಿಂಟ್‌ಲಾಕ್, ಅಂದರೆ ಚಕಮಕಿ ಕೋವಿಯ ಸೀಸನ್ ಶುರುವಾಗುತ್ತದೆ. 1974ರಿಂದ ನಡೆದು ಬಂದ ಪದ್ಧತಿ ಇದು. ಆ ಸೀಸನ್ನಿನ ಲೆಕ್ಕಕ್ಕೆ ಕೇಪಿನ ಕೋವಿ ಬರೋಲ್ಲ, ಚಕಮಕಿ ಕಲ್ಲಿನದ್ದೇ ಆಗಬೇಕು, .44 ಕ್ಯಾಲಿಬರ್‌ಗಿಂತ (ನಳಿಗೆಯ ಒಳ ಅಗಲ .44 ಇಂಚಿಗಿಂತ) ಸಣ್ಣದಿರಬಾರದು. ಅಲ್ಲಿರುವ ನಮ್ಮವರೂ ಕೆಲವರು ಬೇಟೆ ಶಿಕ್ಷಣದ ತರಗತಿ ಮುಗಿಸಿ, ಲೈಸೆನ್ಸ್ ಮಾಡಿಸಿ, ಶರತ್ಕಾಲದಲ್ಲಿ ಹೊಸ ಕೋವಿ ಕೊಂಡು ಗುರಿ ಅಭ್ಯಾಸದ ರೇಂಜ್‌ಗೆ ಹೋಗುತ್ತಾರೆ. ಟ್ರಿಗರ್ ಎಳೆದರೆ 'ಟಕ್' ಅನ್ನುತ್ತದೆ, ಅಷ್ಟೇ. ಕೋವಿಯೇ ಕೆಟ್ಟದ್ದು ಅಂತ ಅಂಗಡಿಗೆ ವಾಪಸ್ ಕೊಡಲು ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಜಾಸ್ತಿ ಸಲ ತಪ್ಪು ಇರುವುದು ಕಲ್ಲಿನಲ್ಲಿ, ಎಣ್ಣೆಯಲ್ಲಿ ಅಥವಾ ತೇವದಲ್ಲಿ. ಮೂರನ್ನೂ ನೀವೇ ಸರಿ ಮಾಡಬಹುದು.

ಭಾರತದಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥ ಬೇಟೆಗೆ ಅವಕಾಶವೇ ಇಲ್ಲ. ಹಾಗಾಗಿ ಇಲ್ಲಿ ಬರೆದಿರುವುದು ಬೇಟೆಗೆ ಕಾನೂನಿನ ಅನುಮತಿ ಇರುವ ಕಡೆ ಇರುವವರಿಗೆ.

ಬೆಂಕಿಯ ದಾರಿ

ಟ್ರಿಗರ್ ಎಳೆದಾಗ ಕುದುರೆ, ಅಂದರೆ ಕಲ್ಲು ಹಿಡಿದಿರುವ ಸುತ್ತಿಗೆಯಂಥ ಭಾಗ, ಮುಂದಕ್ಕೆ ಬೀಳುತ್ತದೆ. ಅದರ ದವಡೆಯಲ್ಲಿ ಕಚ್ಚಿಸಿರುವ ಚಕಮಕಿ ಕಲ್ಲು ಎದುರಿನ ಉಕ್ಕಿನ ಪಟ್ಟಿಯನ್ನು ಕೆರೆಯುತ್ತದೆ. ಈ ಪಟ್ಟಿಗೆ ಫ್ರಿಝನ್ ಅನ್ನುತ್ತಾರೆ. ಏಟಿಗೆ ಫ್ರಿಝನ್ ಮುಂದಕ್ಕೆ ವಾಲಿ, ಅದರ ಕೆಳಗೆ ಮುಚ್ಚಿಕೊಂಡಿದ್ದ ಬಟ್ಟಲು ತೆರೆಯುತ್ತದೆ. ಕಿಡಿ ಬಟ್ಟಲಿನಲ್ಲಿರುವ ರಂಜಕಕ್ಕೆ, ಅಂದರೆ ನುಣ್ಣನೆಯ ಮದ್ದಿಗೆ ಬೀಳುತ್ತದೆ. ಅದು ಭಗ್ಗನೆ ಹೊತ್ತಿಕೊಂಡ ಜ್ವಾಲೆ ನಳಿಗೆಯ ಪಕ್ಕದ ಸಣ್ಣ ತೂತಿನಿಂದ, ಅಂದರೆ ಕಿವಿಯಿಂದ ಒಳಗೆ ನುಗ್ಗಿ ಮುಖ್ಯ ಮದ್ದನ್ನು ಹೊತ್ತಿಸುತ್ತದೆ. ಆಮೇಲೆ ಗುಂಡು ಹೊರಡುತ್ತದೆ.

ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ ಚಕಮಕಿ ಕೋವಿಗಳೂ ಇದೇ ರೀತಿ ಕೆಲಸ ಮಾಡುತ್ತಿದ್ದವು. ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್‌ನಲ್ಲಿ ಜರ್ಮನ್ ಮೂಲದ ಕಮ್ಮಾರರು ಮಾಡಿದ ಉದ್ದನೆಯ ರೈಫಲ್ಲುಗಳೂ ಹಾಗೆಯೇ. ಮಲೆನಾಡಿನ ಹಳೇ ಮನೆಗಳ ಕೇಪಿನ ಕೋವಿ ಮಾತ್ರ ಬೇರೆ. ಅಲ್ಲಿ ಕೇಪು ಸಿಡಿದರೆ ಬೆಂಕಿ ನೇರ ಒಳಗೇ ಹೋಗುತ್ತದೆ. ಇಲ್ಲಿ ಬೆಂಕಿ ಬಯಲಿನಲ್ಲಿ ಹುಟ್ಟಿ, ದಾರಿ ಹುಡುಕಿಕೊಂಡು ಒಳಗೆ ಹೋಗಬೇಕು.

ಹಾಗಾಗಿ ದೋಷ ಹುಡುಕುವಾಗ ಒಂದೇ ಪ್ರಶ್ನೆ ಕೇಳಿ: ಬೆಂಕಿ ಎಲ್ಲಿಯವರೆಗೆ ಬಂತು, ಎಲ್ಲಿ ನಿಂತಿತು? ಅದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಕಲ್ಲು, ರಂಜಕ, ಮದ್ದಿನ ಅಳತೆ ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತೇ ಆಗೋಲ್ಲ.

ಹಾರದ ಕೋವಿ ಕೈಯಲ್ಲಿದ್ದಾಗ

ಈ ಭಾಗ ಬಿಟ್ಟು ಮುಂದೆ ಹೋಗಬೇಡಿ. ಟ್ರಿಗರ್ ಎಳೆದ ಮೇಲೆ ಈಡು ಆಗಲಿಲ್ಲ ಅಂದರೆ ನಳಿಗೆಯ ಬಾಯಿ ಗುರಿಯ ಕಡೆಗೇ ಇರಲಿ. ಕನಿಷ್ಠ ಒಂದು ನಿಮಿಷ ಅಲುಗಾಡಬೇಡಿ. ಒಳಗೆ ಒಂದು ಕಿಡಿ ನಿಧಾನವಾಗಿ ಉರಿಯುತ್ತಿದ್ದು, ತಡವಾಗಿ ಹಾರುವುದುಂಟು. ಏನಾಯಿತು ನೋಡೋಣ ಅಂತ ಕೋವಿಯನ್ನು ತಿರುಗಿಸಿಕೊಳ್ಳುವುದು, ಕಿವಿಯ ಹತ್ತಿರ ಮುಖ ತರುವುದು, ಬಾಯಿಯೊಳಗೆ ಇಣುಕುವುದು ಯಾವತ್ತೂ ಬೇಡ. ಕಾದ ಮೇಲೆ ಬಟ್ಟಲು ಖಾಲಿ ಮಾಡಿ, ಫ್ರಿಝನ್ ತೆರೆದಿಟ್ಟು, ಆಮೇಲೆ ಪರೀಕ್ಷೆ ಶುರು ಮಾಡಿ.

ಕಣ್ಣಿಗೆ ಕನ್ನಡಕ ಕಡ್ಡಾಯ, ಸುಮ್ನೆ ಹೇಳುತ್ತಿಲ್ಲ. ಕಲ್ಲಿನ ಚೂರು, ಉರಿಯುವ ಮದ್ದಿನ ಕಣ ಎರಡೂ ಮುಖದ ಹತ್ತಿರವೇ ಹಾರುತ್ತವೆ. ಕಿವಿಯಿಂದ ಪಕ್ಕಕ್ಕೂ ಜ್ವಾಲೆ ಚಿಮ್ಮುತ್ತದೆ. ಬಲಗೈ ಕೋವಿಯಾದರೆ ನಿಮ್ಮ ಬಲಕ್ಕೆ ಯಾರೂ ಹತ್ತಿರ ನಿಲ್ಲಬಾರದು.

ಇನ್ನು ಗಜದ, ಅಂದರೆ ಗುಂಡನ್ನು ನಳಿಗೆಯೊಳಗೆ ಇಳಿಸುವ ಉದ್ದ ಕಡ್ಡಿಯ ಮೇಲಿನ ಗುರುತು. ಕೋವಿ ತಂದ ದಿನವೇ ಮಾಡಬೇಕಾದ ಕೆಲಸ ಇದು. ಖಾಲಿ ನಳಿಗೆಗೆ ಗಜ ಇಳಿಸಿ, ಬಾಯಿಯ ಮಟ್ಟದಲ್ಲಿ ಒಂದು ಗೆರೆ ಹಾಕಿ. ಆಮೇಲೆ ನಿಮ್ಮ ಮಾಮೂಲಿ ಅಳತೆಯ ಮದ್ದು, ಗುಂಡು ಸರಿಯಾಗಿ ತುಂಬಿ, ಗಜ ಗುಂಡಿಗೆ ತಾಗಿದಾಗ ಇನ್ನೊಂದು ಗೆರೆ. ಈ ಎರಡು ಗೆರೆ ಇದ್ದರೆ ಒಳಗೆ ಏನಿದೆ ಅಂತ ಊಹೆ ಮಾಡಬೇಕಿಲ್ಲ. ಖಾಲಿ ನಳಿಗೆಯ ಗೆರೆ ಬಾಯಿಗಿಂತ ಸ್ವಲ್ಪವೇ ಮೇಲೆ ನಿಂತರೆ ಮದ್ದಿಲ್ಲದೆ ಗುಂಡು ಮಾತ್ರ ಕೂತಿದೆ. ತುಂಬಿದ ನಳಿಗೆಯ ಗೆರೆಯೂ ಬಾಯಿಗಿಂತ ತುಂಬಾ ಮೇಲೆ ನಿಂತರೆ ಗುಂಡು ಅರ್ಧದಲ್ಲಿ ಸಿಕ್ಕಿಕೊಂಡಿದೆ, ಅಥವಾ ಎರಡು ಈಡು ಒಂದರ ಮೇಲೊಂದು ಕೂತಿವೆ. ಹೀಗಿರುವಾಗ ಹೊಡೆಯಲೇಬಾರದು. ಗುಂಡು ಮತ್ತು ಮದ್ದಿನ ನಡುವೆ ಜಾಗ ಇದ್ದರೆ ನಳಿಗೆ ಉಬ್ಬಬಹುದು, ಒಡೆಯಲೂಬಹುದು.

ಕಿಡಿಯೇ ಇಲ್ಲ, ಅಥವಾ ಮಂಕು ಕಿಡಿ

ಪರೀಕ್ಷೆಗೆ ನಳಿಗೆ ಖಾಲಿ ಇರಬೇಕು. ಗಜ ಇಳಿಸಿ ಗೆರೆ ನೋಡಿ ಖಚಿತ ಮಾಡಿಕೊಳ್ಳಿ. ನೆರಳಿನಲ್ಲಿ ನಿಂತು, ಬಟ್ಟಲು ಖಾಲಿ ಇಟ್ಟು, ಕುದುರೆ ಬೀಳಿಸಿ. ಒಳ್ಳೆಯ ಕಿಡಿ ಬೆಳ್ಳಗೆ ಇರುತ್ತದೆ, ಬಟ್ಟಲಿಗೆ ಬಿದ್ದ ಮೇಲೂ ಚಟಪಟ ಅನ್ನುತ್ತದೆ. ಕೆಟ್ಟ ಕಿಡಿ ಕೆಂಪಗೆ ಹುಟ್ಟಿ, ಬಟ್ಟಲು ಮುಟ್ಟುವ ಮೊದಲೇ ಆರಿಹೋಗುತ್ತದೆ.

ಕಿಡಿ ಕಲ್ಲಿನದಲ್ಲ, ಉಕ್ಕಿನದು. ಕಲ್ಲಿನ ಚೂಪು ಅಂಚು ಫ್ರಿಝನ್‌ನಿಂದ ಉಕ್ಕಿನ ಸಣ್ಣ ಸಿಪ್ಪೆಗಳನ್ನು ಕೆತ್ತುತ್ತದೆ. ಆ ಸಿಪ್ಪೆ ಗಾಳಿಯಲ್ಲಿ ಉರಿಯುವುದೇ ಕಿಡಿ. ಇದು ತಲೆಯಲ್ಲಿದ್ದರೆ ಮುಂದಿನ ಎಲ್ಲವೂ ಅರ್ಥವಾಗುತ್ತದೆ.

ಮೊದಲು ಫ್ರಿಝನ್ ಮುಖ ಒರೆಸಿ. ಬೆರಳಿನ ಜಿಡ್ಡು, ಕಾರ್ಖಾನೆಯ ಎಣ್ಣೆ, ಹಿಂದಿನ ಈಡಿನ ಮಸಿ, ಯಾವುದಿದ್ದರೂ ಕಿಡಿ ಸಾಯುತ್ತದೆ. ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಫ್ರಿಝನ್, ಕಲ್ಲಿನ ಅಂಚು, ಬಟ್ಟಲು ಮೂರನ್ನೂ ಒರೆಸಿ ಒಣಗಿಸಿ. ಹೊಸ ಕೋವಿಗಳಲ್ಲಿ ಇಷ್ಟಕ್ಕೇ ಎಷ್ಟೋ ಸಲ ಸಮಸ್ಯೆ ಮುಗಿದುಹೋಗುತ್ತದೆ.

ಮುಗಿಯದಿದ್ದರೆ ಕಲ್ಲು ನೋಡಿ. ಬೆಳಕಿಗೆ ಅಡ್ಡ ಹಿಡಿದಾಗ ಅಂಚು ತೆಳ್ಳಗೆ, ಒಂದೇ ಗೆರೆಯಾಗಿ ಕಾಣಬೇಕು. ಅಂಚಿನ ಮೇಲೆ ಬಿಳಿ ಚುಕ್ಕೆ ಹೊಳೆದರೆ ಅಲ್ಲಿ ಮೊಂಡಾಗಿದೆ. ಕಲ್ಲನ್ನು ನೇರ ಕಬ್ಬಿಣದ ದವಡೆಯಲ್ಲಿ ಕಚ್ಚಿಸಬಾರದು, ನಡುವೆ ಚರ್ಮದ ತುಂಡು ಇರಬೇಕು. ನಾಲ್ಕೈದು ಈಡಿಗೆ ಚರ್ಮ ಅಮುಕಿ ಸ್ಕ್ರೂ ಸಡಿಲಾಗುತ್ತದೆ, ಮತ್ತೆ ಬಿಗಿ ಮಾಡಿ. ಸಡಿಲ ಕಲ್ಲು ಏಟಿಗೆ ಹಿಂದೆ ಸರಿಯುತ್ತದೆ, ಕೆತ್ತುವುದೇ ಇಲ್ಲ.

ಕುದುರೆಯನ್ನು ಅರ್ಧ ಹಿಂದಕ್ಕೆ ಎಳೆದು ನಿಲ್ಲಿಸಿ, ಫ್ರಿಝನ್ ಮುಚ್ಚಿ ನೋಡಿ. ಕಲ್ಲಿನ ಅಂಚು ಫ್ರಿಝನ್‌ನ ಪೂರ್ತಿ ಅಗಲಕ್ಕೂ ಸಮಾನಾಂತರವಾಗಿ ಇರಬೇಕು, ಆದರೆ ತಾಗಬಾರದು. ಒಂದು ಮೂಲೆ ಮಾತ್ರ ಮುಂದಿದ್ದರೆ ಆ ಮೂಲೆಯಷ್ಟೇ ಕೆರೆಯುತ್ತದೆ, ಕಿಡಿ ಬಟ್ಟಲಿನ ಪಕ್ಕಕ್ಕೆ ಬೀಳುತ್ತದೆ. ಏಟು ಫ್ರಿಝನ್‌ನ ಮೇಲ್ಭಾಗದಲ್ಲಿ ಬಿದ್ದು ಕೆಳಗಿನವರೆಗೆ ಕೆರೆದುಕೊಂಡು ಬರಬೇಕು. ತೀರ ಕೆಳಗೆ ಬಿದ್ದರೆ ಕಲ್ಲನ್ನು ತಲೆಕೆಳಗು ಮಾಡಿ ಹಾಕಿ. ಇಳಿಜಾರು ಮೇಲಿದ್ದದ್ದು ಕೆಳಗಾದರೆ ಏಟಿನ ಜಾಗ ಬದಲಾಗುತ್ತದೆ. ಯಾವುದು ಸರಿ ಅನ್ನುವುದು ನಿಮ್ಮ ಲಾಕ್‌ಗೆ, ಅಂದರೆ ಕಿಡಿ ಹುಟ್ಟಿಸುವ ಈ ಇಡೀ ಯಂತ್ರಕ್ಕೆ ಮಾತ್ರ ಗೊತ್ತು, ಎರಡೂ ಮಾಡಿ ನೋಡಿ.

ಮೊಂಡಾದ ಕಲ್ಲನ್ನು ಎಸೆಯಬೇಕಿಲ್ಲ. ನಳಿಗೆ ಖಾಲಿ, ಬಟ್ಟಲು ಖಾಲಿ, ಕಣ್ಣಿಗೆ ಕನ್ನಡಕ ಇದ್ದಾಗ, ಹಿತ್ತಾಳೆಯ ಸಣ್ಣ ಕಡ್ಡಿಯಿಂದ ಅಂಚಿನ ಮೇಲೆ ಕೆಳಮುಖವಾಗಿ ಒತ್ತಿ ತಟ್ಟಿ. ಸಣ್ಣ ಚಕ್ಕೆಗಳು ಎದ್ದು ಹೊಸ ಅಂಚು ಬರುತ್ತದೆ. ಕಲ್ಲುಗಳಲ್ಲಿ ಇಂಗ್ಲೆಂಡಿನ ಸಫೊಕ್ ಪ್ರಾಂತ್ಯದ ಬ್ರ್ಯಾಂಡನ್ ಊರಿನ ಕಪ್ಪು ಕಲ್ಲು ಹೆಸರುವಾಸಿ. ಫ್ರಾನ್ಸಿನ ಜೇನು ಬಣ್ಣದ್ದೂ ಚೆನ್ನಾಗಿರುತ್ತದೆ. ಯಂತ್ರದಲ್ಲಿ ಕತ್ತರಿಸಿದ ಅಗೇಟ್ ಕಲ್ಲು ಕೆಲವು ಹೊಸ ಕೋವಿಗಳ ಜೊತೆಗೇ ಬರುತ್ತದೆ. ಅದನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಕೈಯಲ್ಲಿ ಚಕ್ಕೆ ತೆಗೆದ ನಿಜವಾದ ಚಕಮಕಿ ಕಲ್ಲು ನಾಲ್ಕು ಕೊಳ್ಳಿ ಅಂತಲೇ ನಾನು ಹೇಳುವುದು.

ಹೊಸ ಕಲ್ಲಿಗೂ ಕಿಡಿ ಕೆಂಪಗೇ ಇದ್ದರೆ ಫ್ರಿಝನ್ ಮೆತ್ತಗಿರಬಹುದು. ಅದರ ಬದಿಯ ಒಂದು ಮೂಲೆಗೆ ಸಣ್ಣ ಅರ ಹಾಕಿ. ಅರ ಜಾರಿದರೆ ಉಕ್ಕು ಗಟ್ಟಿ, ಕಚ್ಚಿದರೆ ಮೆತ್ತಗೆ. ಮೆತ್ತಗಿರುವ ಫ್ರಿಝನ್ ಮೇಲೆ ಕಲ್ಲು ಆಳವಾದ ಗೀರುಗಳನ್ನೂ ಬಿಟ್ಟಿರುತ್ತದೆ. ಇದನ್ನು ಮತ್ತೆ ಗಟ್ಟಿ ಮಾಡಿಸುವುದು ಬಲ್ಲ ಗನ್‌ಸ್ಮಿತ್‌ನ ಕೆಲಸ, ಅಡುಗೆಮನೆಯ ಒಲೆಯಲ್ಲಿ ಬೇಡ. ಕುದುರೆ ನಿಧಾನವಾಗಿ ಬೀಳುತ್ತಿದ್ದರೂ, ಫ್ರಿಝನ್ ತೆರೆದು ಮತ್ತೆ ಹಿಂದಕ್ಕೆ ಹಾರಿ ಕಲ್ಲನ್ನು ಒಡೆಯುತ್ತಿದ್ದರೂ ಅದು ಸ್ಪ್ರಿಂಗ್‌ಗಳ ದೋಷ, ಅದೂ ಅವರಿಗೇ ಹೋಗಬೇಕು.

ಕಿಡಿ ಇದೆ, ರಂಜಕ ಹೊತ್ತುವುದಿಲ್ಲ

ಇದಕ್ಕೆ ಕಾರಣ ಎರಡೇ. ಒಂದು, ತೇವ. ಉರಿದ ಕಪ್ಪುಮದ್ದಿನ ಮಸಿ ಗಾಳಿಯ ನೀರನ್ನು ಹೀರುತ್ತದೆ. ಈಡಾದ ಮೇಲೆ ಬಟ್ಟಲು ಒರೆಸದೆ ಹೊಸ ರಂಜಕ ಹಾಕಿದರೆ, ಮೋಡದ ದಿನ ಸ್ವಲ್ಪ ಹೊತ್ತಿನಲ್ಲೇ ಅದು ಕಪ್ಪು ಕೆಸರು. ಪ್ರತಿ ಈಡಿಗೂ ಒರೆಸಿ.

ಎರಡು, ತಪ್ಪು ಮದ್ದು. ಪೈರೊಡೆಕ್ಸ್‌ನಂಥ ಬದಲಿ ಮದ್ದುಗಳು ಹೊತ್ತಿಕೊಳ್ಳಲು ಜಾಸ್ತಿ ಶಾಖ ಕೇಳುತ್ತವೆ. ಕೇಪಿನ ಕೋವಿಯಲ್ಲಿ ಅವು ನಡೆಯುತ್ತವೆ, ಚಕಮಕಿಯಲ್ಲಿ ನಂಬುವ ಹಾಗಿಲ್ಲ. ಎಷ್ಟೋ ಅಂಗಡಿಗಳಲ್ಲಿ ಅಸಲಿ ಕಪ್ಪುಮದ್ದು ಇರುವುದೇ ಇಲ್ಲ, 'ಇದೂ ಅದೇ' ಅಂತ ಬದಲಿಯನ್ನು ಕೊಡುತ್ತಾರೆ. ಅದಲ್ಲ. ಬಟ್ಟಲಿಗೆ 4ಎಫ್, .50 ಕ್ಯಾಲಿಬರ್ ನಳಿಗೆಗೆ 3ಎಫ್ ಅಥವಾ 2ಎಫ್ ಅಸಲಿ ಕಪ್ಪುಮದ್ದೇ ಬೇಕು (ಎಫ್‌ನ ಅಂಕೆ ಹೆಚ್ಚಾದಷ್ಟೂ ಕಾಳು ನುಣ್ಣಗೆ). ಈಗಿನ ತೋಟೆಗಳಲ್ಲಿ ಬರುವ ಹೊಗೆರಹಿತ ಮದ್ದನ್ನು ಚಿಟಿಕೆಯಷ್ಟೂ ಹಾಕಬೇಡಿ. ನಳಿಗೆ ಸಿಡಿದು ಪ್ರಾಣಕ್ಕೇ ಅಪಾಯ.

ಬಟ್ಟಲು ಭಗ್ ಅನ್ನುತ್ತದೆ, ಗುಂಡು ಹಾರುವುದಿಲ್ಲ

ಹೊಸಬರು ಜಾಸ್ತಿ ಕಂಗಾಲಾಗುವುದು ಇಲ್ಲೇ. ಬೆಂಕಿ ಬಟ್ಟಲಿನವರೆಗೆ ಬಂದಿದೆ, ಕಿವಿಯಲ್ಲಿ ಅಥವಾ ಅದರಾಚೆ ನಿಂತಿದೆ.

ಒಂದು ನಿಮಿಷ ಕಾದು, ಬಟ್ಟಲು ಒರೆಸಿ, ಸಣ್ಣ ತಂತಿಯ ಪಿಕ್‌ನಿಂದ ಕಿವಿ ಬಿಡಿಸಿ. ಪಿಕ್ ಒಳಗೆ ಹೋದಾಗ ಮದ್ದಿನ ಕಾಳುಗಳು ಕರಕರ ಅಂತ ತಾಗಬೇಕು. ತಾಗಿದರೆ ಹೊಸ ರಂಜಕ ಹಾಕಿ ಮತ್ತೆ ಪ್ರಯತ್ನಿಸಿ, ಸಾಮಾನ್ಯವಾಗಿ ಹಾರುತ್ತದೆ. ಪಿಕ್ ಮೆತ್ತಗಿನ ಅಂಟಿಗೆ ತಾಗಿದರೆ ಒಳಗೆ ಎಣ್ಣೆ ಅಥವಾ ಒದ್ದೆ ಮಸಿ ಇದೆ. ಏನೂ ತಾಗದಿದ್ದರೆ ಗಜ ಇಳಿಸಿ ಗೆರೆ ನೋಡಿ. ಮದ್ದು ಹಾಕುವುದನ್ನೇ ಮರೆತು ಗುಂಡು ಇಳಿಸುವುದು ಅಪರೂಪವೇನಲ್ಲ. ಪಕ್ಕದವರ ಜೊತೆ ಮಾತಾಡುತ್ತಾ ತುಂಬಿಸುವಾಗ ಅನುಭವಿಗಳಿಗೂ ಆಗುತ್ತದೆ.

ಮದ್ದಿಲ್ಲದ ಗುಂಡನ್ನು ತೆಗೆಯುವುದು ಹೀಗೆ. ಬಟ್ಟಲು ಖಾಲಿ, ಫ್ರಿಝನ್ ತೆರೆದು, ಬಾಯಿ ಗುರಿಯ ಕಡೆ. 4ಎಫ್ ಮದ್ದನ್ನು ಕಿವಿಯಿಂದ ಸ್ವಲ್ಪ ಸ್ವಲ್ಪವೇ ಪಿಕ್‌ನಿಂದ ಒಳಗೆ ತಳ್ಳಿ, ಕೋವಿಯ ಬದಿಯನ್ನು ತಟ್ಟುತ್ತಾ ಇರಿ. ಇನ್ನು ಹಿಡಿಸುವುದಿಲ್ಲ ಅನ್ನುವವರೆಗೆ ಹಾಕಿ. ಆಮೇಲೆ ಗಜದಿಂದ ಗುಂಡನ್ನು ಕೆಳಗೆ ಒತ್ತಿ, ಅದು ಮದ್ದಿಗೆ ತಾಗಿಯೇ ಕೂತಿದೆ ಅಂತ ಖಚಿತ ಮಾಡಿಕೊಳ್ಳಿ. ಗಜ ಹೊರಗೆ ತೆಗೆಯಿರಿ. ಇದನ್ನು ಎರಡು ಸಲ ಓದಿ. ಈಗ ರಂಜಕ ಹಾಕಿ ಗುರಿಯ ಕಡೆ ಹೊಡೆಯಿರಿ. ಕಿವಿಯಿಂದ ಗಾಳಿ ನುಗ್ಗಿಸಿ ಗುಂಡು ತಳ್ಳುವ ಇಂಗಾಲದ ಡೈಆಕ್ಸೈಡ್ ಅನಿಲದ ಸಾಧನವೂ ಸಿಗುತ್ತದೆ, ಹೊಸಬರಿಗೆ ಅದೇ ಸುಲಭ.

ಎಣ್ಣೆಯ ವಿಷಯಕ್ಕೆ ಬರೋಣ. ತುಕ್ಕು ಹಿಡಿಯದಿರಲಿ ಅಂತ ನಳಿಗೆಗೆ ಧಾರಾಳ ಎಣ್ಣೆ ಹಾಕಿ, ಬಾಯಿ ಮೇಲೆ ಮಾಡಿ ಮೂಲೆಯಲ್ಲಿ ನಿಲ್ಲಿಸಿದರೆ ಎಣ್ಣೆಯೆಲ್ಲ ತಳಕ್ಕೆ ಇಳಿಯುತ್ತದೆ. ಕೆಲವು ಕಾರ್ಖಾನೆ ಕೋವಿಗಳಲ್ಲಿ ತಳದಲ್ಲಿ ನಳಿಗೆಗಿಂತ ಕಿರಿದಾದ ಒಂದು ಗೂಡು ಇರುತ್ತದೆ. ಮಾಮೂಲಿ ಬಟ್ಟೆ ಅಲ್ಲಿಗೆ ತಲುಪುವುದೇ ಇಲ್ಲ, ಎಣ್ಣೆ ಅಲ್ಲೇ ಕೂರುತ್ತದೆ. .22 ಕ್ಯಾಲಿಬರ್‌ನ ಸಣ್ಣ ಬ್ರಷ್‌ಗೆ ಬಟ್ಟೆ ಸುತ್ತಿ ಅದನ್ನು ಒರೆಸಬೇಕು. ಬೇಟೆಯ ಹಿಂದಿನ ದಿನ ಸ್ಪಿರಿಟ್ ಬಟ್ಟೆ, ಆಮೇಲೆ ಒಣ ಬಟ್ಟೆ. ಖಾಲಿ ನಳಿಗೆಯೊಳಗೆ ಸಣ್ಣ ಬ್ಯಾಟರಿ ದೀಪ ಇಳಿಸಿ ಕತ್ತಲಲ್ಲಿ ಹೊರಗಿನಿಂದ ಕಿವಿ ನೋಡಿ. ಚುಕ್ಕೆ ಬೆಳಕು ಸ್ಪಷ್ಟವಾಗಿ ಕಂಡರೆ ದಾರಿ ತೆರೆದಿದೆ. ಕೋವಿಯನ್ನು ಇಡುವಾಗ ಬಾಯಿ ಕೆಳಗೆ ಮಾಡಿ ಇಡಿ.

ಹಾರುತ್ತದೆ, ಆದರೆ ತಡವಾಗಿ

'ಟಕ್', 'ಭಸ್', 'ಢಂ' ಅಂತ ಮೂರು ಸದ್ದು ಬೇರೆ ಬೇರೆ ಕೇಳಿದರೆ ಬೆಂಕಿ ಕಿವಿಯಲ್ಲಿ ತಡವರಿಸುತ್ತಿದೆ. ಕಿವಿಯ ತೂತಿನೊಳಗೇ ಮದ್ದು ತುಂಬಿಕೊಂಡಿದ್ದರೆ ಅದು ಪಟಾಕಿಯ ಬತ್ತಿಯ ಹಾಗೆ ಕಾಳು ಕಾಳಾಗಿ ಉರಿದು ಒಳಗೆ ಹೋಗಬೇಕು. ತೂತು ಖಾಲಿ ಇದ್ದರೆ ಜ್ವಾಲೆ ಒಂದೇ ನೆಗೆತಕ್ಕೆ ಒಳಗೆ ಹೋಗುತ್ತದೆ. ಹಾಗಾಗಿ ತುಂಬಿದ ಮೇಲೆ ಪಿಕ್ ಒಮ್ಮೆ ಹಾಕಿ ತೆಗೆಯಿರಿ. ರಂಜಕ ಮೂರು ನಾಲ್ಕು ಗ್ರೇನ್ (ಇದು ತೂಕದ ಅಳತೆ, ಕಾಳಿನ ಲೆಕ್ಕವಲ್ಲ) ಸಾಕು. ಬಟ್ಟಲು ತುಂಬಾ ಸುರಿಯುವುದು ಬೇಡ. ಕಿವಿಯ ತೂತು 1/16 ಇಂಚಿಗಿಂತ ಸಣ್ಣದಿದ್ದರೆ ಅಥವಾ ಬಟ್ಟಲಿನ ತಳದ ಮಟ್ಟಕ್ಕೆ ಇಳಿದಿದ್ದರೆ, ಅದು ತಯಾರಿಕೆಯ ದೋಷ. ಗನ್‌ಸ್ಮಿತ್‌ಗೆ ತೋರಿಸಿ.

ಹಾರುತ್ತದೆ, ಗುರಿಗೆ ಬೀಳುವುದಿಲ್ಲ

ಲಾಕ್ ಸರಿಯಾದ ಮೇಲೆ ಉಳಿಯುವ ದೋಷ ಇದು, ಜಾಸ್ತಿ ಸಲ ಹೊಡೆಯುವವರದ್ದೇ. ಮುಖದ ಮುಂದೆಯೇ ಬೆಂಕಿ ಹೊತ್ತುತ್ತದೆ, ಗುಂಡು ಇನ್ನೂ ಹೊರಟಿರುವುದಿಲ್ಲ. ಆ ಚೂರು ಹೊತ್ತಿನಲ್ಲಿ ಕಣ್ಣು ಮುಚ್ಚುತ್ತದೆ, ಭುಜ ಬೆದರುತ್ತದೆ. ಅಷ್ಟು ಸಾಕು.

ಪರೀಕ್ಷೆ ಸುಲಭ. ನಳಿಗೆ ಖಾಲಿ ಇರಲಿ. ಗೆಳೆಯರೊಬ್ಬರು ಬಟ್ಟಲಿಗೆ ಒಮ್ಮೆ ರಂಜಕ ಹಾಕಲಿ, ಒಮ್ಮೆ ಹಾಕದಿರಲಿ, ಫ್ರಿಝನ್ ಮುಚ್ಚಿ ನಿಮ್ಮ ಕೈಗೆ ಕೊಡಲಿ. ನಿಮಗೆ ಗೊತ್ತಿರಬಾರದು. ಟ್ರಿಗರ್ ಎಳೆದಾಗ ಮುಂದಿನ ಸೈಟ್, ಅಂದರೆ ನಳಿಗೆಯ ತುದಿಯಲ್ಲಿ ಗುರಿ ನೋಡುವ ಮೊನೆ, ಎಲ್ಲಿ ಹೋಯಿತು ನೋಡಿ. ಬರೀ 'ಟಕ್' ಅಂದಾಗಲೂ ಸೈಟ್ ಕೆಳಗೆ ಮುಗ್ಗರಿಸಿದರೆ ದೋಷ ಸಿಕ್ಕಿತು, ಅಲ್ವಾ? ಮನೆಯಲ್ಲಿ ಅಭ್ಯಾಸಕ್ಕೆ ಕಲ್ಲಿನ ಬದಲು ಅದೇ ಅಳತೆಯ ಗಟ್ಟಿ ಮರದ ತುಂಡನ್ನು ದವಡೆಯಲ್ಲಿ ಕಚ್ಚಿಸಿ. ಕಿಡಿಯಿಲ್ಲ, ಫ್ರಿಝನ್ ಸವೆಯುವುದಿಲ್ಲ. ಸದ್ದಾದ ಮೇಲೂ ಸೈಟ್ ಗುರಿಯ ಮೇಲೇ ನಿಲ್ಲುವವರೆಗೆ ಮಾಡುತ್ತಿರಿ.

ಆಮೇಲೂ ಗುಂಡು ಚದುರಿದರೆ ಬಟ್ಟೆ ಹುಡುಕಿ. ಗುಂಡಿಗೆ ಸುತ್ತಿದ ಜಿಡ್ಡು ಬಟ್ಟೆ ಬಾಯಿಯಿಂದ ಕೆಲವು ಗಜ ದೂರದಲ್ಲಿ ನೆಲದ ಮೇಲೆ ಬಿದ್ದಿರುತ್ತದೆ. ಎತ್ತಿಕೊಂಡು ಬಿಡಿಸಿ ನೋಡಿ. ಚೆನ್ನಾಗಿರುವ ಬಟ್ಟೆಯ ನಡುವೆ ಮಸಿಯ ಗುರುತು, ಸುತ್ತ ನಳಿಗೆಯ ಸುರುಳಿ ಗೆರೆಗಳ ಅಚ್ಚು, ಅಂಚು ಸ್ವಲ್ಪ ಕುಚ್ಚಾಗಿ ಇರುತ್ತದೆ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಜಿಡ್ಡು ಕಡಿಮೆಯಾಯಿತು ಅಥವಾ ಮದ್ದು ಜಾಸ್ತಿಯಾಯಿತು. ಚೂರಿಯಲ್ಲಿ ಕೊಯ್ದ ಹಾಗೆ ಗೆರೆ ಗೆರೆಯಾಗಿ ಹರಿದಿದ್ದರೆ ಹೊಸ ನಳಿಗೆಯ ಏಣುಗಳು ಇನ್ನೂ ಚೂಪಾಗಿವೆ. ಹೊಡೆಯುತ್ತಾ ಹೋದರೆ ನುಣುಪಾಗುತ್ತವೆ. .50 ಕ್ಯಾಲಿಬರ್‌ಗೆ .490 ಇಂಚಿನ ಸೀಸದ ಗುಂಡು, .015 ಇಂಚು ದಪ್ಪದ ಹತ್ತಿ ಬಟ್ಟೆ ಒಳ್ಳೆಯ ಆರಂಭ. ಮದ್ದು ತಯಾರಕರು ಹೇಳಿದ ಮಿತಿಯೊಳಗೇ ಇರಲಿ, ಅಳತೆ ಪಾತ್ರೆಯಿಂದಲೇ ಸುರಿಯಿರಿ. ಮದ್ದಿನ ಕೊಂಬಿನಿಂದ ನೇರ ನಳಿಗೆಗೆ ಸುರಿದರೆ, ಒಳಗೆ ಉಳಿದ ಒಂದು ಕೆಂಡಕ್ಕೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ.

ಬೇಟೆಗೆ ಹೋಗುವ ಮುನ್ನ ನಿಮ್ಮ ದೂರ ಗೊತ್ತಿರಲಿ. ಪ್ರತಿ ಗುಂಡೂ ಊಟದ ತಟ್ಟೆಯಷ್ಟು ಜಾಗದೊಳಗೆ ಬೀಳುವ ದೂರ ಎಷ್ಟೋ, ಜಿಂಕೆಗೂ ಅಷ್ಟೇ. ಆರಂಭದಲ್ಲಿ ಅದು 50 ಗಜ ಇದ್ದರೆ ಸಾಕು. ಗಾಯಗೊಂಡು ಓಡಿದ ಪ್ರಾಣಿಯ ನೋವಿಗೆ ಹೊಡೆದವರೇ ಹೊಣೆ.

ಚಳಿ, ಹಿಮ, ಮಳೆ

ಡಿಸೆಂಬರ್ ಕೊನೆಯ ಪೆನ್ಸಿಲ್ವೇನಿಯಾ ಕಾಡಿನಲ್ಲಿ ರೇಂಜ್‌ನಲ್ಲಿ ಸರಿಯಿದ್ದ ಕೋವಿಯೂ ಕೈಕೊಡುತ್ತದೆ. ಲಾಕ್ ಮೇಲೆ ಜಿಡ್ಡು ಹಚ್ಚಿದ ಚರ್ಮದ ಹೊದಿಕೆ ಕಟ್ಟಿ. ಬಟ್ಟಲು ಮತ್ತು ನಳಿಗೆ ಸೇರುವ ಗೆರೆಗೆ ಜೇನುಮೇಣ ಸವರಿ, ಅಲ್ಲಿಂದಲೇ ನೀರು ಇಳಿಯುವುದು. ನಳಿಗೆಯ ಬಾಯಿಗೆ ಟೇಪ್ ಸುತ್ತಿದರೂ ಆಗುತ್ತದೆ. ಒದ್ದೆ ದಿನ ಆಗಾಗ ಬಟ್ಟಲು ಒರೆಸಿ ರಂಜಕ ಬದಲಾಯಿಸಿ, ಹಾಳಾಗಿದೆ ಅಂತ ಕಾಣುವವರೆಗೆ ಕಾಯಬೇಡಿ. ಮರ ಹತ್ತುವಾಗ, ಬೇಲಿ ದಾಟುವಾಗ ಬಟ್ಟಲು ಖಾಲಿ ಇರಬೇಕು.

ಹೊಡೆದ ಮೇಲೆ ಹೊಗೆ ಕಣ್ಣಿಗೆ ಅಡ್ಡ ಬರುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಜಿಂಕೆ ಯಾವ ಕಡೆ ಹೋಯಿತು ನೋಡಿ, ನಿಂತಲ್ಲೇ ಮತ್ತೆ ತುಂಬಿಸಿ, ಆಮೇಲೆ ಹೊರಡಿ.

ಸಂಜೆ ಮಂಜಿನಿಂದ ಬಂದ ಕೋವಿಯನ್ನು ನೇರ ಬೆಚ್ಚಗಿನ ಮನೆಯೊಳಗೆ ತಂದರೆ ನಳಿಗೆಯ ಒಳಹೊರಗೆಲ್ಲ ನೀರು ಬೆವರುತ್ತದೆ. ಒಳಗಿರುವ ಮದ್ದು ಒದ್ದೆಯಾದರೆ ಮರುದಿನ ಬಟ್ಟಲು ಮಾತ್ರ ಹೊತ್ತುತ್ತದೆ. ಕಾನೂನು ಬಿಡುವ ಜಾಗದಲ್ಲಿ, ಸುರಕ್ಷಿತ ದಿಬ್ಬಕ್ಕೆ ಹೊಡೆದು ಖಾಲಿ ಮಾಡಿಯೇ ಒಳಗೆ ತನ್ನಿ. ಆ ರಾತ್ರಿಯೇ ಬಿಸಿನೀರಿನಲ್ಲಿ ನಳಿಗೆ ತೊಳೆದು, ಬಟ್ಟೆ ಒಣಗಿ ಬರುವವರೆಗೆ ಒರೆಸಿ, ತೆಳ್ಳಗೆ ಎಣ್ಣೆ ಸವರಿ. ನಾಳೆ ಅಂದರೆ ಕಿವಿಯ ಸುತ್ತಲಿಂದಲೇ ತುಕ್ಕು ಶುರುವಾಗುತ್ತದೆ.